ಮದುವೆಗೆ ಮೊದಲು ಒಂದು ಜೊತೆ ಮೀನಖಂಡ

ಕಾಲಿನ ಆಕಾರ ಸರಿಮಾಡಿಸಿಕೊಳ್ಳಲು ಬಂದ ಮನುಷ್ಯ ಪ್ಯಾಂಟು ಮಡಚುವುದಿಲ್ಲ ಎಂದು ಹಟ ಹಿಡಿದು ಕೂತಿದ್ದ. ಪರೀಕ್ಷೆಯ ಮಂಚದ ಮೇಲೆ ಕೂತವನು ಎರಡೂ ಕೈಯಿಂದ ಪ್ಯಾಂಟಿನ ಅಂಚನ್ನು ಒತ್ತಿ ಹಿಡಿದು ಬಾಗಿಲನ್ನೇ ನೋಡುತ್ತಿದ್ದ. ಬಹಳ ವರ್ಷದಿಂದ ನನ್ನ ಜೊತೆಗಿರುವ ಸಿಸ್ಟರ್ ತಮಿಳಿನಲ್ಲಿ ಪುಸಲಾಯಿಸಿ ನೋಡಿದಳು, ಗದರಿಸಿ ನೋಡಿದಳು. ಕೊನೆಗೆ "ನೀಂಗಳೇ ಪಾರುಂಗ ಡಾಕ್ಟರ್", ನೀವೇ ನೋಡಿಕೊಳ್ಳಿ ಎಂದು ಅಳತೆಯ ಟೇಪನ್ನು ನನ್ನ ಕೈಗಿಟ್ಟು ಹೊರಟೇಹೋದಳು.

ಅಡ್ಯಾರಿನಲ್ಲಿ ನನ್ನದೊಂದು ಸಣ್ಣ ಪ್ಲಾಸ್ಟಿಕ್ ಸರ್ಜರಿ ಕ್ಲಿನಿಕ್. ಮೂಗು, ಕಿವಿ, ಸುಟ್ಟ ಗಾಯದ ಗುರುತು ಇವೇ ಹೆಚ್ಚು. ದೊಡ್ಡ ಆಪರೇಷನ್ ಇದ್ದರೆ ಹತ್ತಿರದ ಆಸ್ಪತ್ರೆಯ ಥಿಯೇಟರಿಗೆ ಹೋಗುತ್ತೇನೆ. ತಾಳ್ಮೆ ನನ್ನ ಗುಣವಲ್ಲ. ಅದನ್ನು ನನ್ನ ತಾಯಿಯಿಂದ ಹಿಡಿದು ಈ ಸಿಸ್ಟರ್‌ವರೆಗೆ ಎಲ್ಲರೂ ಹೇಳಿಯಾಗಿದೆ.

"ತೋರಿಸದೆ ಹೇಗ್ರೀ ನೋಡೋದು? ನಾನೇನು ಜ್ಯೋತಿಷಿನಾ?" ಎಂದು ಕನ್ನಡದಲ್ಲೇ ರೇಗಿದೆ. ಅವನ ಮುಖ ಅರಳಿತು.

"ನೀವು ಕನ್ನಡದವರು ಅಂತ ಕೇಳಿಯೇ ಬಂದದ್ದು ಡಾಕ್ಟರ್. ತಮಿಳಲ್ಲಿ ಹೇಳಿದ್ರೆ ಸಿಸ್ಟರಿಗೆ ಅರ್ಥ ಆಗ್ತದೆ. ಅಸಿಂಗ ಆಗ್ತದೆ."

ಮಾನ ಹೋಗುವುದಕ್ಕೆ ಅವನು ತಮಿಳಿನ ಮಾತನ್ನೇ ಬಳಸಿದ್ದ. ಅವನ ಅಜ್ಜ ಉಡುಪಿ ಕಡೆಯಿಂದ ಬಂದು ಮೈಲಾಪೂರಿನಲ್ಲಿ ಸಸ್ಯಾಹಾರಿ ಹೋಟೆಲ್ ಶುರುಮಾಡಿದವರು. ಈಗ ಅದನ್ನು ಇವನೇ ನೋಡಿಕೊಳ್ಳುತ್ತಾನೆ. ವಯಸ್ಸು ಮೂವತ್ತರ ಆಸುಪಾಸು. ಮದುವೆ ನಿಶ್ಚಯವಾಗಿತ್ತು. ಹುಡುಗಿಯ ತಂದೆಯೂ ಹೋಟೆಲಿನವರೇ.

"ನಮ್ಮಲ್ಲಿ ಕಾಲು ತೊಳೆಯುವ ಶಾಸ್ತ್ರ ಉಂಟಲ್ಲ ಡಾಕ್ಟರ್, ಹುಡುಗಿಯ ಅಪ್ಪ ವರನ ಕಾಲು ತೊಳೆಯುವುದು. ಪಂಚೆ ಮೇಲೆ ಎತ್ತಬೇಕು. ಎದುರಿಗೆ ಕ್ಯಾಮೆರಾ. ಈಗ ಕಲ್ಯಾಣ ಮಂಟಪದಲ್ಲಿ ದೊಡ್ಡ ಸ್ಕ್ರೀನ್ ಬೇರೆ ಇಡ್ತಾರೆ. ನನ್ನ ಕಾಲು ಒಂದಾಳು ಎತ್ತರ ಕಾಣ್ತದೆ. ಕೊನೆ ಸಾಲಲ್ಲಿ ಕೂತವರಿಗೂ ಕಾಣ್ತದೆ."

"ಹುಡುಗಿಗೆ ಗೊತ್ತಾ?"

"ಅವಳು ನನ್ನನ್ನು ಪ್ಯಾಂಟಲ್ಲಿ ಮಾತ್ರ ನೋಡಿದ್ದು."

ನಗು ಬಂತು, ನುಂಗಿಕೊಂಡೆ. ಅವನು ನಗುತ್ತಿರಲಿಲ್ಲ. ಶಾಲೆಯಲ್ಲಿ ಚಡ್ಡಿ ಹಾಕುತ್ತಿದ್ದಷ್ಟು ಕಾಲವೂ ಅವನ ಹೆಸರು ಊದುಬತ್ತಿ. ಹೋಟೆಲಿನ ಅಡಿಗೆಮನೆಯಲ್ಲಿ ಎಲ್ಲರೂ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿಕೊಂಡು ಓಡಾಡುವವರು, ಒಬ್ಬೊಬ್ಬರ ಮೀನಖಂಡವೂ ಸುಲಿದ ತೆಂಗಿನಕಾಯಿಯಷ್ಟು ಗಟ್ಟಿ. ಇವನೊಬ್ಬ ಮಾತ್ರ ಚೆನ್ನೈನ ಮೇ ತಿಂಗಳಿನಲ್ಲೂ ಜೀನ್ಸ್ ತೊಟ್ಟು ಬೇಯುತ್ತಿದ್ದ. ಹೇಳುತ್ತಾ ಹೇಳುತ್ತಾ ಕೈ ಸಡಿಲಾಯಿತು. ಪ್ಯಾಂಟು ಮೇಲೇರಿತು.

ಸುಳ್ಳು ಹೇಳಬಾರದು, ಕಾಲುಗಳು ತೆಳ್ಳಗೇ ಇದ್ದವು. ಮೊಣಕಾಲಿನಿಂದ ಹಿಮ್ಮಡಿಯವರೆಗೆ ಏರುತಗ್ಗಿಲ್ಲದೆ ನೆಟ್ಟಗೆ ಇಳಿದಿದ್ದವು. ಆದರೆ ತೆಳ್ಳಗಿರುವುದು ಬೇರೆ, ಕಾಯಿಲೆ ಬೇರೆ. ತುದಿಗಾಲಿನಲ್ಲಿ ನಿಲ್ಲಿಸಿದೆ, ಹಿಮ್ಮಡಿಯ ಮೇಲೆ ನಡೆಸಿದೆ, ಪಾದದ ನಾಡಿ ಹಿಡಿದು ನೋಡಿದೆ, ಸುತ್ತಿಗೆಯಿಂದ ಮೊಣಕಾಲು ತಟ್ಟಿದೆ. ಬೆನ್ನುನೋವು, ಚಿಕ್ಕಂದಿನ ಜ್ವರ, ಎಲ್ಲ ಕೇಳಿದೆ. ಎರಡೂ ಕಾಲಿನ ಸುತ್ತಳತೆ ಒಂದೇ. ಶಕ್ತಿಗೆ ಏನೂ ಕೊರತೆಯಿಲ್ಲ. ಅಜ್ಜನ ಕಾಲೂ ಹೀಗೇ ಇತ್ತಂತೆ.

ವ್ಯಾಯಾಮ ಮಾಡಿ ನೋಡಿ ಎಂದೆ. ಅದೂ ಆಗಿತ್ತು. ಮೈಲಾಪೂರ್ ರೈಲು ನಿಲ್ದಾಣದ ಮೆಟ್ಟಿಲುಗಳನ್ನು ದಿನಾ ಬೆಳಿಗ್ಗೆ ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು, ಒಂದು ದಿನವೂ ರೈಲು ಹತ್ತದೇ ಇದ್ದದ್ದರಿಂದ ಅಲ್ಲಿನ ಪೊಲೀಸಿನವನು ಕರೆದು ವಿಚಾರಿಸಿದನಂತೆ. ಸ್ವಂತ ಕೊಬ್ಬನ್ನೇ ತೆಗೆದು ಕಾಲಿಗೆ ತುಂಬುವ ದಾರಿಯೊಂದಿದೆ. ಅವನ ಹೊಟ್ಟೆ ಚಿವುಟಿ ನೋಡಿದೆ. ಬರೀ ಚರ್ಮ ಸಿಕ್ಕಿತು. ಇದು ಹೋಟೆಲ್ ನಡೆಸುವವನ ಹೊಟ್ಟೆ ಎಂದರೆ ಗಿರಾಕಿಗಳು ಬೇರೆ ಕಡೆ ಹೋದಾರು.

ಉಳಿದದ್ದು ಸಿಲಿಕಾನ್. ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ಸಣ್ಣದಾಗಿ ಕೊಯ್ದು, ಮೀನಖಂಡದ ಮೇಲಿನ ಪೊರೆಯ ಅಡಿಯಲ್ಲಿ ಜೇಬಿನಂತೆ ಜಾಗ ಮಾಡಿ, ಸಿಲಿಕಾನ್ ತುಂಡನ್ನು ಒಳಗೆ ಕೂರಿಸಿ ಹೊಲಿಯುವುದು. ಹತ್ತಿರದಲ್ಲೇ ಪಾದದವರೆಗೆ ಹೋಗುವ ನರವೊಂದಿದೆ, ಅದನ್ನು ಕಾಯ್ದುಕೊಳ್ಳಬೇಕು. ಜಾಗ ಬಿಗಿಯಾದರೆ ಸ್ನಾಯುವಿಗೆ ರಕ್ತ ಹೋಗದೆ ಕಾಲಿಗೇ ಕುತ್ತು ಬರಬಹುದು. ತರಬೇತಿಯಲ್ಲಿ ಗುರುಗಳ ಕೈಕೆಳಗೆ ಇದನ್ನು ಮಾಡಿದ್ದೆ. ಸ್ವಂತ ಕ್ಲಿನಿಕ್ ತೆರೆದ ಮೇಲೆ ಮೀನಖಂಡ ಕೇಳಿಕೊಂಡು ಬಂದ ಮೊದಲಿಗ ಇವನೇ. ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಎನ್ನುತ್ತಾರಲ್ಲ, ಹಾಗೆ ನನಗೂ ಒಳಗೊಳಗೇ ಕೈ ತುರಿಸಿತು.

ಆದರೆ ಒಂದು ತೊಡಕಿತ್ತು. ವರನೆಂದ ಮೇಲೆ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಮಣೆಯ ಮೇಲೆ ಚಕ್ಕಲಮಕ್ಕಲ ಹಾಕಿ ಹೋಮದ ಮುಂದೆ ಕೂರಬೇಕು. ಮಂಡಿ ಮಡಚಿ ಕೂರಬೇಕಾದವನಿಗೆ ಮಂಡಿಯ ಮಡಿಕೆಯಲ್ಲೇ ಹೊಲಿಗೆ. ಮದುವೆಗೆ ಸಮಯವಿತ್ತು, ಆದರೆ ಧಾರಾಳವಾಗಿ ಇರಲಿಲ್ಲ.

ನಾನು ಒಪ್ಪಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. ಅಳತೆ ನೋಡಲೆಂದೇ ಸಿಲಿಕಾನಿನ ಮಾದರಿ ತುಂಡುಗಳಿರುತ್ತವೆ, ನಾವು ಸೈಜರ್ ಎನ್ನುತ್ತೇವೆ. ಕಂಪನಿಯವರಿಂದ ಒಂದು ಜೊತೆ ತರಿಸಿದೆ. ಅವನ್ನು ಕಾಲಿನ ಹೊರಗಿನಿಂದಲೇ ಕೂರಿಸಿ, ಮೇಲೆ ಮೊಣಕಾಲಿನವರೆಗೆ ಬರುವ ಬಿಗಿಯಾದ ಸ್ಟಾಕಿಂಗ್ ಎಳೆದು, ಕನ್ನಡಿಯ ಮುಂದೆ ನಿಲ್ಲಿಸಿದೆ. ಅವನು ಬಲಕ್ಕೆ ತಿರುಗಿದ, ಎಡಕ್ಕೆ ತಿರುಗಿದ.

"ಡಾಕ್ಟರ್, ಇದು ನಾನಾ?" ಎಂದ. ಕನ್ನಡಿಯೊಳಗಿನ ಕಾಲನ್ನು ಬೆರಳಿನಿಂದ ಮುಟ್ಟಿ ನೋಡಿದ. ಅಷ್ಟು ಹೊತ್ತು ಅವನನ್ನು ಮನಸ್ಸಿನಲ್ಲೇ ಗೇಲಿ ಮಾಡಿದ ನನಗೆ ಸಂಕಟವಾಯಿತು.

ಸಂಜೆ ಹೊತ್ತು ಮನೆಯಲ್ಲಿ ಸ್ವಲ್ಪ ಕಾಲ ಹಾಕಿಕೊಳ್ಳಿ, ನೆಲದ ಮೇಲೆ ಕೂತು ನೋಡಿ, ಮೆಟ್ಟಿಲು ಹತ್ತಿ ನೋಡಿ, ಬಂದು ಹೇಳಿ ಎಂದು ಕಳಿಸಿದೆ. ಥಿಯೇಟರಿನಲ್ಲಿ ಒಂದು ದಿನವನ್ನೂ ಕಾದಿರಿಸಿದೆ.

ಮನೆಯಲ್ಲಿ ಹಾಕಿಕೊಳ್ಳಿ ಎಂದರೆ ಈ ಪುಣ್ಯಾತ್ಮ ಹೋಟೆಲಿಗೇ ಹಾಕಿಕೊಂಡು ಹೋದ. ಬೆಳಗಿನ ಕಾಫಿಯಿಂದ ಶಟರ್ ಎಳೆಯುವವರೆಗೆ. ಮರುದಿನ ಊಟದ ಹೊತ್ತಿಗೆ ಫೋನು.

"ಡಾಕ್ಟರ್, ಕಾಲು ಮುಂದೆ ಬಂದಿದೆ."

"ಮುಂದೆ ಬರದೆ ಹಿಂದಕ್ಕೆ ಹೋಗತ್ತೇನ್ರಿ?"

"ಅಯ್ಯೋ, ಕಾಲಲ್ಲ, ಮೀನಖಂಡ! ಬಲಗಾಲಿನದ್ದು ತಿರುಗಿ ಮುಂದೆ ಬಂದು ಕೂತಿದೆ. ಕೌಂಟರ್ ಬಿಟ್ಟು ಏಳ್ಲಿಕ್ಕೆ ಆಗುದಿಲ್ಲ. ಎದುರಿಗೆ ಜನ ಜನ."

ಗಿರಾಕಿಗಳೆಲ್ಲ ಕರಗುವವರೆಗೆ ಅಲ್ಲಾಡದೆ ಕೂತಿರಿ ಎಂದೆ. ಬೇರೆ ವೈದ್ಯಕೀಯ ಸಲಹೆ ನನಗೂ ತೋಚಲಿಲ್ಲ.

ಆಮೇಲೆ ಅವನು ಕ್ಲಿನಿಕ್ಕಿಗೆ ಬಂದಾಗ ನೆಲದ ಮೇಲೆ ಕೂರಿಸಿ ನೋಡಿದೆ. ಮಣೆಯಿಲ್ಲ, ಸಿಸ್ಟರ್ ಮಂಚ ಹತ್ತಲು ಇಡುವ ಮರದ ಮೆಟ್ಟಿಲನ್ನೇ ತಂದಿಟ್ಟಳು. ಅವನು ಕಾಲು ಮಡಚಿದ ಕೂಡಲೇ ಎರಡೂ ಸೈಜರ್‌ಗಳು ಸ್ಟಾಕಿಂಗಿನ ಮೇಲಂಚಿನಿಂದ ಹೊರಗೆ ಇಣುಕಿದವು. ಒಂದು ನೆಲಕ್ಕೆ ಬಿದ್ದು ಮೇಜಿನ ಕೆಳಗೆ ಹೋಯಿತು. ಸಿಸ್ಟರ್ ಅದನ್ನು ಎತ್ತಿ ಕೊಟ್ಟು, ನಗು ತಡೆಯಲಾರದೆ ಹೊರಗೆ ಓಡಿದಳು. ಒಳಗೆ ಕೂರಿಸಿದ್ದು ಹೀಗೆ ಜಾರುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಆದರೆ ಮಂಡಿ ಮಡಚಿದಾಗ ಹೊಲಿಗೆಯ ಮೇಲೆ ಬೀಳುವ ಒತ್ತಡ ಎಷ್ಟೆಂದು ನನ್ನ ಕಣ್ಣಿಗೆ ಕಂಡಿತ್ತು.

ಇನ್ನೂ ಯೋಚಿಸುತ್ತಿರುವಾಗಲೇ ಒಂದು ಮಧ್ಯಾಹ್ನ ಬಿಳಿ ಪಂಚೆ, ಬಿಳಿ ಅಂಗಿಯ ಹಿರಿಯರೊಬ್ಬರು ಬಿಸಿ ಗೋಳಿಬಜೆಯ ಪೊಟ್ಟಣ ಹಿಡಿದು ಒಳಗೆ ಬಂದರು. ಪೆರುಂಗುಡಿಯಲ್ಲಿ ಐಟಿ ಕಂಪನಿಗಳ ಎದುರಿಗೆ ಅವರ ಹೋಟೆಲು.

"ಡಾಕ್ಟ್ರೇ, ಮೈಲಾಪೂರಿನ ಹುಡುಗ ಬರ್ತಾನಲ್ಲ ನಿಮ್ಮಲ್ಲಿಗೆ, ನಾನು ಅವನ ಮಾವ ಆಗುವವ."

ನಾನು ಪೆನ್ನು ಕೆಳಗಿಟ್ಟೆ. "ನೋಡಿ ರಾಯರೇ, ಯಾರ ವಿಷಯಾನೂ ನಾನು ಇನ್ನೊಬ್ಬರ ಹತ್ರ ಮಾತಾಡೋ ಹಾಗಿಲ್ಲ."

"ನೀವು ಎಂತದೂ ಹೇಳುವುದು ಬೇಡ ಮಾರಾಯ್ರೆ, ನಂಗೆ ಗೊತ್ತಾಗಿದೆ. ನಿಮ್ಮಲ್ಲಿಗೆ ಬರ್ತಾನೆ ಅಂತ ಅವನ ಹೋಟೆಲಿನ ಹುಡುಗರೇ ಹೇಳಿದ್ರು. ಮೊನ್ನೆ ಅವರ ಹೋಟೆಲಿಗೆ ಹೋಗಿದ್ದೆ. ಅವ ಬಗ್ಗಿ ಎಂತದೋ ಹೆಕ್ಕುವಾಗ ಪ್ಯಾಂಟು ಮೇಲೆ ಹೋಯ್ತು. ಒಳಗೆ ಈ ಸಾಕ್ಸ್!"

ಎನ್ನುತ್ತಾ ಅವರು ತಮ್ಮ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿದರು. ಅವರ ಕಾಲಿನಲ್ಲೂ ಅದೇ ಸ್ಟಾಕಿಂಗ್. ಅದನ್ನು ಸುರುಳಿ ಸುತ್ತಿ ಇಳಿಸಿದರು. ನೀಲಿ ರಕ್ತನಾಳಗಳು ಹಗ್ಗದಂತೆ ಉಬ್ಬಿ, ಸೊಟ್ಟಪಟ್ಟ ಹರಿದು, ಹಿಮ್ಮಡಿಯವರೆಗೆ ಇಳಿದಿದ್ದವು. ವೆರಿಕೋಸ್. ದಿನವಿಡೀ ನಿಂತು ದುಡಿಯುವ ಹೋಟೆಲಿನವರಿಗೆ ಅಂಟಿಕೊಳ್ಳುವ ಕಾಯಿಲೆ. ಅವರಲ್ಲಿ ಈ ಸ್ಟಾಕಿಂಗ್ ಕಂಡರೆ ಯಾರೂ ಏನೆಂದು ಕೇಳುವುದಿಲ್ಲ, ವೆರಿಕೋಸ್ ಎಂದೇ ತಿಳಿಯುತ್ತಾರೆ.

"ಫ್ಯಾನಿನ ಕೆಳಗೆ ಕೂತು ಬಿಲ್ ಹರಿಯುವ ಹುಡುಗ ಅಂತ ಗ್ರಹಿಸಿದ್ದೆ ಡಾಕ್ಟ್ರೇ. ಹುಡುಗ ಒಳ್ಳೆಯವ, ಆದ್ರೆ ಮೈ ಬಗ್ಗಿಸುವವ ಅಲ್ಲ ಅಂತ ಮಗಳ ಹತ್ರ ಕೂಡ ಹೇಳಿದ್ದೆ. ನೋಡಿದ್ರೆ ನಿಂತು ನಿಂತು ಈ ಪ್ರಾಯಕ್ಕೇ ವೆರಿಕೋಸ್! ಯಾರಿಗೂ ಒಂದು ಮಾತು ಹೇಳ್ಲಿಲ್ಲ. ಅಂಥ ಅಳಿಯ ಈ ಕಾಲದಲ್ಲಿ ಸಿಕ್ತಾನಾ?" ಅವರ ಕಣ್ಣು ಹೊಳೆಯುತ್ತಿತ್ತು. "ಅವನದ್ದು ನನ್ನದಕ್ಕಿಂತ ಜೋರುಂಟಾ?"

"ನಾನು ಏನೂ ಹೇಳೋ ಹಾಗಿಲ್ಲ."

"ಓ, ಅಷ್ಟು ಜೋರುಂಟು!" ಎಂದು ಅವರು ಹಣೆ ಚಚ್ಚಿಕೊಂಡರು. "ಹಾಳಾದ ನರ ತೆಗೆದು ಪ್ಲಾಸ್ಟಿಕ್ಕಿನದ್ದು ಹಾಕ್ತೀರಿ ಅಲ್ವಾ? ಹೊರಗೆ ಬೋರ್ಡ್ ನೋಡಿದೆ."

ಅತ್ತ ದರಿ, ಇತ್ತ ಪುಲಿ. ಹೌದೆಂದರೆ ಸುಳ್ಳು, ಅಲ್ಲವೆಂದರೆ ಗುಟ್ಟು ರಟ್ಟು. ನಾನು ಮೇಜಿನ ಮೇಲಿದ್ದ ಸೈಜರಿನ ಖಾಲಿ ಪೆಟ್ಟಿಗೆಯನ್ನು ಮೊಣಕೈಯಿಂದ ಮೆಲ್ಲಗೆ ಡ್ರಾಯರಿಗೆ ತಳ್ಳಿದೆ. ಹಾಗೆ ಬಗ್ಗಿದಾಗ ಅವರ ಹಿಮ್ಮಡಿಯ ಒಳಬದಿಯಲ್ಲಿ ಕಪ್ಪಗಾದ ಚರ್ಮ ಕಂಡಿತು. ಅದರ ನಡುವೆ ಅರಿಶಿನ ಮೆತ್ತಿದ ಹುಣ್ಣು. ಅಲ್ಲಿಗೆ ನನ್ನ ನಗು ನಿಂತಿತು.

"ಇದು ಯಾವಾಗಿಂದ?"

"ಅದೊಂದು ಸಣ್ಣದು. ಮದುವೆ ಮುಗೀಲಿ, ಆಮೇಲೆ ನೋಡುವ."

ಮದುವೆ ಮುಗಿಯುವವರೆಗೆ ಹುಣ್ಣು ಸುಮ್ಮನಿರುವುದಿಲ್ಲ, ದೊಡ್ಡದಾದರೆ ವರ್ಷಗಟ್ಟಲೆ ವಾಸಿಯಾಗುವುದಿಲ್ಲ ಎಂದು ಬೈದೇ ಬೈದೆ. ರಕ್ತನಾಳಗಳ ಸರ್ಜನ್ ಒಬ್ಬರು ನನ್ನ ಸ್ನೇಹಿತರು, ಅವರ ಬಳಿ ಹೋಗಿ, ಸ್ಕ್ಯಾನ್ ಮಾಡಿಸಿ, ಲೇಸರ್ ಚಿಕಿತ್ಸೆಯಾದರೆ ಬೇಗ ಎದ್ದು ಓಡಾಡಬಹುದು ಎಂದೆ. ಅವರು ಎಲ್ಲವನ್ನೂ ತಲೆಯಾಡಿಸುತ್ತಾ ಕೇಳಿದರು.

"ಆಯ್ತು. ಆದ್ರೆ ಅಳಿಯನದ್ದು ಯಾವತ್ತೋ ನಂದೂ ಅವತ್ತೇ. ಅಕ್ಕಪಕ್ಕದ ಮಂಚ. ಅವನಿಗೂ ಧೈರ್ಯ ಆಗ್ತದೆ. ಅವ ಮಾಡಿಸದೆ ನಾನು ಮಾಡಿಸ್ಲಿಕ್ಕಿಲ್ಲ. ನನ್ನ ಹುಣ್ಣಿನ ವಿಷಯ ಬೇಕಾದ್ರೆ ನೀವೇ ಅವನಿಗೆ ಹೇಳಿ. ಮಾವ ಕಾಯ್ತಾರಂತೆ ಅಂತ ಹೇಳಿ."

ಹುಡುಗನಿಗೆ ಫೋನು ಮಾಡಿ, ಮಾವ ಬಂದಿದ್ದನ್ನೂ ಅವರ ಹುಣ್ಣಿನ ವಿಷಯವನ್ನೂ ಹೇಳಿದೆ. ಅವನು ಬೆಚ್ಚಿಬಿದ್ದ, ಆದರೆ ನಾನೆಣಿಸಿದ ಕಾರಣಕ್ಕಲ್ಲ.

"ವೆರಿಕೋಸ್ ಅಲ್ಲ ಅಂತ ಮಾವನಿಗೆ ಹೇಳ್ಬೇಡಿ ಡಾಕ್ಟರ್, ಪ್ಲೀಸ್. ಮೊದಲು ನನ್ನ ಹತ್ರ ಸರಿಯಾಗಿ ಮಾತಾಡ್ತಿರಲಿಲ್ಲ. ಈಗ ನೋಡಿದ ಕೂಡ್ಲೇ ಕುರ್ಚಿ ಎಳೆದು ಹಾಕ್ತಾರೆ. ನಿಲ್ಬೇಡ ಮಾರಾಯ ಅಂತಾರೆ. ಅವರ ಮನೆಯವರೆಲ್ಲ ಎಣ್ಣೆ ಕಳಿಸ್ತಿದ್ದಾರೆ. ಒಬ್ಬರು ಅತ್ತೆ ನರ ನೋಡ್ಬೇಕು ಅಂತ ಪ್ಯಾಂಟು ಎಳೀಲಿಕ್ಕೇ ಬಂದ್ರು!"

ಇಷ್ಟು ದಿನ ಕಾಲು ಸಣ್ಣದೆಂದು ಮುಚ್ಚುತ್ತಿದ್ದವನು ಈಗ ನರ ಉಬ್ಬಿಲ್ಲವೆಂದು ಮುಚ್ಚಬೇಕಾಗಿತ್ತು. ಪ್ಯಾಂಟಿಗೆ ಎರಡು ಪಟ್ಟು ಕೆಲಸ.

ಆ ರಾತ್ರಿ ಥಿಯೇಟರಿನ ದಿನವನ್ನು ಉಳಿಸಿಕೊಳ್ಳಲೇ ಬಿಡಲೇ ಎಂದು ಬಹಳ ಯೋಚಿಸಿದೆ. ಅವನು ವಯಸ್ಕ, ಬುದ್ಧಿ ನೆಟ್ಟಗಿದೆ, ಅಪಾಯಗಳನ್ನು ತಿಳಿದು ಕೇಳುತ್ತಿದ್ದಾನೆ. ಮಾಡಿದರೆ ತಪ್ಪೇನಿಲ್ಲ. ನನಗೂ ಮಾಡುವ ಆಸೆಯಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆದರೆ ಆಸೆ ನನ್ನದು, ಹೋಮದ ಮುಂದೆ ಮಂಡಿ ಮಡಚಿ ಕೂರಬೇಕಾದವನು ಅವನು. ಬೆಳಿಗ್ಗೆ ಆಸ್ಪತ್ರೆಗೆ ಹೇಳಿ ದಿನವನ್ನು ಬಿಟ್ಟುಕೊಟ್ಟೆ. ಆಮೇಲೆ ಅವನಿಗೆ ಹೇಳಿದೆ.

"ಮದುವೆಗೆ ಮೊದಲು ನಾನು ಮಾಡೋದಿಲ್ಲ. ಆಮೇಲೂ ಬೇಕು ಅನ್ನಿಸಿದ್ರೆ ಬನ್ನಿ, ಖಂಡಿತ ಮಾಡ್ತೀನಿ. ನಿಮ್ಮ ಗುಟ್ಟು ನನ್ನ ಹತ್ರ ಭದ್ರವಾಗಿರತ್ತೆ. ಆದ್ರೆ ನಿಮ್ಮ ಪರವಾಗಿ ಸುಳ್ಳು ಹೇಳೋಕೆ ನನ್ನಿಂದಾಗಲ್ಲ. ಇನ್ನೊಂದು ವಿಷಯ. ನಿಮ್ಮ ಮೀನಖಂಡ ಎಷ್ಟು ದಿನ ಬೇಕಾದ್ರೂ ಕಾಯತ್ತೆ, ಅವರ ಹುಣ್ಣು ಕಾಯಲ್ಲ."

ಅವನು ಫೋನು ಇಟ್ಟುಬಿಟ್ಟ. ನನಗೆ ಸಿಟ್ಟೂ ಬಂತು, ಬೇಸರವೂ ಆಯಿತು. ಇವನು ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಾನೆ ಎಂದೇ ತಿಳಿದಿದ್ದೆ.

ಕೆಲವು ದಿನ ಕಳೆದು ಮಾವ ಅಳಿಯ ಇಬ್ಬರೂ ಒಟ್ಟಿಗೇ ಬಂದರು. ಮಾವ ಅಳಿಯನ ತೋಳು ಹಿಡಿದು ಮೆಲ್ಲಗೆ ನಡೆಸಿಕೊಂಡು ಬಂದು, ಒಳ್ಳೆಯ ಕುರ್ಚಿ ನೋಡಿ ಕೂರಿಸಿದರು. "ದಿನ ಗೊತ್ತುಮಾಡುವ ಡಾಕ್ಟ್ರೇ, ಇಬ್ಬರದ್ದೂ" ಎಂದರು.

ಹುಡುಗ ಎದ್ದು ನಿಂತ. ನನ್ನತ್ತ ನೋಡಲಿಲ್ಲ. ಬಗ್ಗಿ, ಪ್ಯಾಂಟಿನ ಎರಡೂ ಕಾಲುಗಳನ್ನು ಮೊಣಕಾಲಿನವರೆಗೆ ಮಡಚಿದ. ಸ್ಟಾಕಿಂಗನ್ನು ಎಳೆದು ತೆಗೆದ. ಸೈಜರ್‌ಗಳು ಎರಡೂ ನೆಲಕ್ಕೆ ಬಿದ್ದವು. ಸಿಸ್ಟರ್ ಬಾಗಿಲಲ್ಲೇ ಇದ್ದಳು, ಅವನು ಅವಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ವೆರಿಕೋಸ್ ಅಲ್ಲ ಮಾವ. ನನ್ನ ಕಾಲೇ ಇಷ್ಟು. ಇದನ್ನು ಒಳಗೆ ಇಡಿಸಿಕೊಳ್ಳುವ ಅಂತ ಬಂದದ್ದು. ನಂಗೆ ಯಾವ ನೋವೂ ಇಲ್ಲ. ನೀವು ನನಗಾಗಿ ಕಾಯ್ಬೇಡಿ."

ಮಾವ ಅವನ ಕಾಲು ನೋಡಿದರು. ಒಂದು ಸೈಜರನ್ನು ಹೆಕ್ಕಿ ಒತ್ತಿ ನೋಡಿದರು. ಅವರ ಮುಖ ಕೆಂಪಾಗುತ್ತಿತ್ತು. ಮದುವೆ ಇಲ್ಲಿಗೆ ನಿಂತಿತು, ಅದೂ ನನ್ನ ಕ್ಲಿನಿಕ್ಕಿನಲ್ಲಿ ಎಂದುಕೊಂಡೆ.

"ಹಾಗಾದ್ರೆ ನೀನು ನಿಲ್ಲುವುದೇ ಇಲ್ವಾ? ಕೂತೇ ಇರುವುದಾ?"

"ನಿಲ್ತೇನೆ. ಕೌಂಟರಲ್ಲಿ ಸ್ವಲ್ಪ ಹೊತ್ತು, ಉಳಿದದ್ದೆಲ್ಲ ನಿಂತೇ. ನನ್ನ ನರ ಉಬ್ಬಲಿಲ್ಲ ಅಷ್ಟೆ."

ಮಾವ ನನ್ನತ್ತ ತಿರುಗಿದರು. "ನಿಂತವರಿಗೆಲ್ಲ ಉಬ್ಬುವುದಿಲ್ವಾ ಡಾಕ್ಟ್ರೇ?"

"ಎಲ್ಲರಿಗೂ ಇಲ್ಲ."

ಅದನ್ನು ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಸೈಜರನ್ನು ಮೇಜಿನ ಮೇಲಿಟ್ಟು, "ನಮ್ಮ ಇಡ್ಲಿ ಇದಕ್ಕಿಂತ ಮೆತ್ತಗೆ ಉಂಟು. ಇದನ್ನು ಎಂತಕ್ಕೆ ಕಾಲೊಳಗೆ ತುಂಬಿಸುವುದು ಮಾರಾಯ?" ಎಂದು ಕೇಳಿದರು.

ಹುಡುಗ ತಲೆ ತಗ್ಗಿಸಿದ. "ಕಾಲು ತೊಳೆಯುವಾಗ ಎಲ್ಲರೂ ನೋಡ್ತಾರೆ. ಎಲ್ಲರಿಗಿಂತ ಹತ್ತಿರದಿಂದ ನೀವು ನೋಡ್ತೀರಿ. ಇಂಥ ಕಾಲಿನವನಿಗೆ ಮಗಳನ್ನು ಕೊಟ್ಟೆನಾ ಅಂತ ನಿಮಗೆ ಅನ್ನಿಸ್ತದೆ ಅಂತ..."

ಮಾವ ಅವನ ಎದುರಿಗೆ ಕುರ್ಚಿ ಎಳೆದು ಕೂತರು. ದನಿ ಬದಲಾಗಿತ್ತು.

"ನೀನು ಎಂತ ಗ್ರಹಿಸಿ ಕೂತದ್ದು? ಒಬ್ಬಳೇ ಮಗಳನ್ನು ಎತ್ತಿ ಕೊಡುವ ಹೊತ್ತು ಅದು. ನಂಗೆ ಕಣ್ಣೀರಿನಲ್ಲಿ ಎಂತದೂ ಕಾಣುವುದಿಲ್ಲ. ನಿನಗೆ ಕಾಲು ಎರಡುಂಟಾ ನಾಲ್ಕುಂಟಾ ಅಂತ ಕೂಡ ಗೊತ್ತಾಗ್ಲಿಕ್ಕಿಲ್ಲ."

ನಾನು ಸುಮ್ಮನೆ ಫೈಲು ತಿರುವುತ್ತಾ ಕೂತೆ. ಸಿಸ್ಟರಿಗೆ ಕನ್ನಡ ಬರುವುದಿಲ್ಲ, ಆದರೂ ಮೂಗು ಒರೆಸಿಕೊಳ್ಳುತ್ತಿದ್ದಳು.

ಮಾವನ ಸ್ಕ್ಯಾನ್ ಅದೇ ವಾರ ಆಯಿತು, ಸ್ವಲ್ಪ ದಿನಕ್ಕೆ ಲೇಸರೂ ಆಯಿತು. ಅಳಿಯ ಬೆಳಿಗ್ಗೆ ಮೈಲಾಪೂರು, ಮಧ್ಯಾಹ್ನ ಪೆರುಂಗುಡಿ ಎಂದು ಎರಡೂ ಹೋಟೆಲು ನೋಡಿಕೊಂಡ. ಹುಣ್ಣಿಗೆ ಡ್ರೆಸಿಂಗ್ ಕಟ್ಟಿಸಿಕೊಳ್ಳಲು ಮಾವನನ್ನು ಕರೆತರುವವನೂ ಅವನೇ. ಮೀನಖಂಡದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸೈಜರ್‌ಗಳನ್ನು ತೊಳೆದು ಕಂಪನಿಗೆ ವಾಪಸ್ ಕಳಿಸಿದೆ.

ಮದುವೆಗೆ ಸಿಸ್ಟರನ್ನೂ ಕರೆದುಕೊಂಡು ಹೋಗಿದ್ದೆ. ಅವನು ಹೇಳಿದ್ದ ದೊಡ್ಡ ಸ್ಕ್ರೀನ್ ನಿಜವಾಗಿಯೂ ಇತ್ತು. ಕಾಲು ತೊಳೆಯುವ ಹೊತ್ತಾಯಿತು. ಹುಡುಗಿಯ ತಾಯಿ ತಂಬಿಗೆಯಿಂದ ನೀರು ಬಿಟ್ಟರು. ಮಾವ ಕೆಳಗೆ ಕೂತು ವರನ ಬಲಗಾಲನ್ನು ಹರಿವಾಣದಲ್ಲಿಟ್ಟು ತೊಳೆದರು, ಶಲ್ಯದಿಂದ ಒರೆಸಿದರು. ಅವರ ಹೆಗಲು ಅದುರುತ್ತಿತ್ತು, ಕಣ್ಣು ತೆರೆಯಲಾಗುತ್ತಿರಲಿಲ್ಲ. ಪುರೋಹಿತರು ಮಂತ್ರ ಮುಂದುವರಿಸಿದರು. ಮಾವ ತಡವಿ, ಅದೇ ಬಲಗಾಲನ್ನು ಹಿಡಿದು ಮತ್ತೆ ತೊಳೆಯತೊಡಗಿದರು. ಸ್ಕ್ರೀನಿನ ಮೇಲೆ ಒಂದಾಳು ಎತ್ತರದ ಕಾಲು. ವರ ಸ್ಕ್ರೀನಿನತ್ತ ಒಮ್ಮೆ ನೋಡಿದ. ಆಮೇಲೆ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎಳೆದುಕೊಂಡು, "ಮಾವ, ಇದು" ಎಂದು ಎಡಗಾಲನ್ನು ತಾನೇ ಅವರ ಕೈಗೆ ಕೊಟ್ಟ.